ಬಿಲ್ಲೆಯೂ ಪುಸ್ತಕವೂ

ಮಾನವನು ಸ್ವಭಾವತಃ ಸಂಗ್ರಹಪ್ರಿಯನು. ಒಬ್ಬನು ಅಂಚೆಚೀಟಿಗಳನ್ನು ಕೂಡಿಡುತ್ತಾನೆ. ಮತ್ತೊಬ್ಬನು ಹಳೆಯ ನಾಣ್ಯಗಳನ್ನು ಅರಸುತ್ತಾನೆ. ಮಗದೊಬ್ಬನಿಗೆ ಬೆಂಕಿಪೊಟ್ಟಣದ ಮೇಲಿನ ಚಿತ್ರಗಳೇ ಸಂಪತ್ತು. ಪರರ ಕಣ್ಣಿಗೆ ಇವು ಬೆಲೆಯಿಲ್ಲದ ವಸ್ತುಗಳಾಗಿ ತೋರಬಹುದು. ಆದರೆ ಒಂದು ಕಾಲದ ಜನರು ಏನನ್ನು ಮೆಚ್ಚಿದರು, ಯಾವುದಕ್ಕಾಗಿ ಶ್ರಮಿಸಿದರು ಎಂಬುದನ್ನು ಇಂಥ ಸಣ್ಣ ವಸ್ತುಗಳು ಎಷ್ಟೋ ವೇಳೆ ದೊಡ್ಡ ಗ್ರಂಥಗಳಷ್ಟೇ ಚೆನ್ನಾಗಿ ತಿಳಿಸುತ್ತವೆ. ಅಂಗಿಗೆ ಸಿಕ್ಕಿಸಿಕೊಳ್ಳುವ ಬಿಲ್ಲೆಯೂ ಅಂಥ ವಸ್ತುಗಳಲ್ಲಿ ಒಂದು.

ಬಿಲ್ಲೆ ನಮ್ಮ ಜನರಿಗೆ ಹೊಸದಲ್ಲ. ಕಚೇರಿಯ ಜವಾನನು ಅಡ್ಡಪಟ್ಟಿಗೆ ಧರಿಸುತ್ತಿದ್ದ ಹಿತ್ತಾಳೆಯ ಬಿಲ್ಲೆಯನ್ನು ಹಿರಿಯರು ಬಲ್ಲರು. ಡಿಸೆಂಬರ್ 7ರಂದು, ಸಶಸ್ತ್ರ ಪಡೆಗಳ ಧ್ವಜ ದಿನದಲ್ಲಿ, ವಿದ್ಯಾರ್ಥಿಗಳು ಪುಟ್ಟ ಧ್ವಜವನ್ನು ಗುಂಡುಸೂಜಿಯಿಂದ ಎದೆಗೆ ಚುಚ್ಚಿಕೊಳ್ಳುವುದುಂಟು. ಜವಾನನ ಬಿಲ್ಲೆ ಅವನು ಯಾವ ಕಚೇರಿಗೆ ಸೇರಿದವನೆಂಬುದನ್ನು ಹೇಳುತ್ತದೆ. ವಿದ್ಯಾರ್ಥಿಯ ಧ್ವಜ ಅವನು ಯಾವ ಕಾರ್ಯಕ್ಕೆ ನೆರವಾದನೆಂಬುದನ್ನು ಹೇಳುತ್ತದೆ.

ಇಂದು ಪ್ರಚಾರಕ್ಕಾಗಿ ಬಳಸುವ ದುಂಡನೆಯ ಬಿಲ್ಲೆ 19ನೆಯ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ಅದರ ರಚನೆ ಸರಳವಾದುದು. ತಗಡಿನ ಸಣ್ಣ ಬಿಲ್ಲೆಯ ಮೇಲೆ ಅಚ್ಚು ಮಾಡಿದ ಕಾಗದವನ್ನಿಟ್ಟು, ಅದರ ಮೇಲೆ ಸೆಲ್ಯುಲಾಯಿಡಿನ ತೆಳುವಾದ ಪಾರದರ್ಶಕ ಹಾಳೆಯನ್ನು ಹೊದಿಸುತ್ತಿದ್ದರು. ಅಂಚನ್ನು ಹಿಂದಕ್ಕೆ ಮಡಿಸಿ, ಒಂದು ಲೋಹದ ಬಳೆಯಿಂದ ಬಿಗಿದು, ಅದರೊಳಗೆ ಬಾಗಿಸಿದ ತಂತಿಯ ಸೂಜಿಯನ್ನು ಸಿಕ್ಕಿಸುತ್ತಿದ್ದರು. ನ್ಯೂ ಜೆರ್ಸಿಯ ನೆವಾರ್ಕ್ ನಗರದ ವೈಟ್‌ಹೆಡ್ ಅಂಡ್ ಹೋಗ್ ಎಂಬ ಸಂಸ್ಥೆ ಇವುಗಳನ್ನು ಹೇರಳವಾಗಿ ತಯಾರಿಸಿತು. 1896ರ ಅಧ್ಯಕ್ಷ ಚುನಾವಣೆಯಲ್ಲಿ ಮೆಕಿನ್ಲಿ ಮತ್ತು ಬ್ರಯನ್ ಅವರ ಬೆಂಬಲಿಗರು ಇಂಥ ಬಿಲ್ಲೆಗಳನ್ನು ಧರಿಸಿ ತಿರುಗಿದರು. ಅಗ್ಗವಾಗಿ ದೊರೆಯುವ, ಬಣ್ಣ ಮಾಸದ ಈ ವಸ್ತು ಬಹುಬೇಗ ಜನಪ್ರಿಯವಾಯಿತು.

ರಾಜಕೀಯಕ್ಕೆ ಒದಗಿದ ಸಾಧನ ಕ್ರಮೇಣ ವಿದ್ಯಾಪ್ರಸಾರಕ್ಕೂ ಒದಗಿತು. ಅಮೆರಿಕದಲ್ಲಿ 1958ರಿಂದ ರಾಷ್ಟ್ರೀಯ ಗ್ರಂಥಾಲಯ ಸಪ್ತಾಹವನ್ನು ಆಚರಿಸಲಾಗುತ್ತಿದೆ. ಓದಿನ ಹಿರಿಮೆಯನ್ನು ಸಾರುವ ಬಿಲ್ಲೆಗಳನ್ನು ಅಲ್ಲಿನ ಗ್ರಂಥಾಲಯಗಳು ಹಂಚಿದವು. ಬೇಸಗೆಯ ರಜೆಯಲ್ಲಿ ಪುಸ್ತಕಗಳನ್ನು ಓದಿದ ಮಕ್ಕಳಿಗೆ ಮೆಚ್ಚುಗೆಯ ಗುರುತಾಗಿಯೂ ಕೊಟ್ಟವು. ಗೋಡೆಯ ಮೇಲಿನ ಭಿತ್ತಿಪತ್ರ ಇದ್ದಲ್ಲೇ ಇರುತ್ತದೆ. ಎದೆಯ ಮೇಲಿನ ಬಿಲ್ಲೆಯಾದರೋ ಸಂತೆಗೂ ಶಾಲೆಗೂ ನಡೆದುಹೋಗುತ್ತದೆ. ಆದುದರಿಂದಲೇ ಅದು ಗ್ರಂಥಪಾಲರಿಗೆ ಪ್ರಿಯವಾಯಿತು. ಸಂಗ್ರಾಹಕರು ಅವುಗಳನ್ನು ಇಂದಿಗೂ ಜೋಪಾನವಾಗಿ ಕಾಪಾಡುತ್ತಾರೆ. ಆದರೆ ಬಿಲ್ಲೆಯ ಶಕ್ತಿಗೆ ಒಂದು ಮಿತಿಯುಂಟು. ಅದು ಓದಿಗೆ ಕರೆಯಬಲ್ಲುದೇ ಹೊರತು ಓದುಗನ ಕೈಯಲ್ಲಿ ಪುಸ್ತಕವನ್ನು ಇಡಲಾರದು. ಕರೆಗೆ ಓಗೊಟ್ಟು ಬಂದವನಿಗೆ ಪುಸ್ತಕವೇ ದೊರೆಯದಿದ್ದರೆ ಆ ಕರೆ ವ್ಯರ್ಥವಾಗುತ್ತದೆ.

ಈ ಕೊರತೆಯನ್ನು ಸ್ವತಃ ಅನುಭವಿಸಿ, ಅದನ್ನು ನೀಗಿಸಲು ಸಂಗ್ರಹಕ್ಕೆ ತೊಡಗಿದ ಒಬ್ಬರು ಮಂಡ್ಯ ಜಿಲ್ಲೆಯಲ್ಲಿದ್ದಾರೆ. ಮಂಡ್ಯ ಕಬ್ಬಿನ ಸೀಮೆ. ಶ್ರೀರಂಗಪಟ್ಟಣದ ಸಮೀಪದ ಪಾಲಹಳ್ಳಿಯಲ್ಲಿ 19ನೆಯ ಶತಮಾನದಲ್ಲೇ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ನಡೆಯುತ್ತಿತ್ತು. ಅದರ ನೆರೆಯ ತಾಲ್ಲೂಕಾದ ಪಾಂಡವಪುರದ ಸಕ್ಕರೆ ಕಾರ್ಖಾನೆಯಲ್ಲಿ ನೌಕರರಾಗಿದ್ದವರು ಅಂಕೇಗೌಡರು. ಚಿನಕುರಳಿಯ ರೈತ ಕುಟುಂಬದಲ್ಲಿ ಹುಟ್ಟಿದ ಅವರಿಗೆ ಬಾಲ್ಯದಲ್ಲಿ ಓದುವ ಹಂಬಲವಿತ್ತು, ಓದಲು ಪುಸ್ತಕಗಳಿರಲಿಲ್ಲ. ತಾರುಣ್ಯದಲ್ಲಿ ಬಸ್ಸಿನ ಕಂಡಕ್ಟರರಾಗಿ ದುಡಿಯುತ್ತಿದ್ದಾಗಲೇ ಅವರು ಪುಸ್ತಕಗಳನ್ನು ಕೊಂಡು ಕೂಡಿಡಲಾರಂಭಿಸಿದರು. ಮುಂದೆ ಕನ್ನಡದಲ್ಲಿ ಎಂ. ಎ. ಪದವಿಯನ್ನೂ ಪಡೆದರು. ಸಂಬಳದ ಬಹುಭಾಗ ಪುಸ್ತಕಗಳಿಗೇ ಸಲ್ಲುತ್ತಿತ್ತು. ಅದೂ ಸಾಲದೆ ಮೈಸೂರಿನಲ್ಲಿದ್ದ ಸ್ವಂತ ಆಸ್ತಿಯನ್ನೂ ಮಾರಿದರು.

ಹೀಗೆ ಬೆಳೆದುದೇ ಪಾಂಡವಪುರದ ಬಳಿಯ ಹರಳಹಳ್ಳಿಯ ‘ಪುಸ್ತಕ ಮನೆ’. ಅದರ ಕಟ್ಟಡಕ್ಕೆ ಉದ್ಯಮಿ ಹರಿ ಖೋಡೆಯವರು ನೆರವಾದರು. ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳ ಸುಮಾರು 20 ಲಕ್ಷ ಪುಸ್ತಕಗಳಿವೆಯೆಂದು ಹೇಳಲಾಗುತ್ತದೆ. ಸಾವಿರಾರು ನಿಘಂಟುಗಳೂ ಹಳೆಯ ನಿಯತಕಾಲಿಕಗಳೂ ಇವೆ. ಬಿಲ್ಲೆ ಸಂಗ್ರಾಹಕರನ್ನು ನೆನಪಿಗೆ ತರುವಂತೆ, ಅಂಕೇಗೌಡರು ನಾಣ್ಯಗಳನ್ನೂ ಲಗ್ನಪತ್ರಿಕೆಗಳನ್ನೂ ಕೂಡಿಟ್ಟಿದ್ದಾರೆ. ಪ್ರವೇಶಕ್ಕೆ ಶುಲ್ಕವಿಲ್ಲ, ಸಂಶೋಧಕರೂ ಶಾಲೆಯ ಮಕ್ಕಳೂ ಸಮಾನವಾಗಿ ಒಳಗೆ ಬರಬಹುದು. ಪುಸ್ತಕಗಳ ನಡುವೆಯೇ ಕುಟುಂಬದೊಡನೆ ಬಾಳುತ್ತ, ಧೂಳನ್ನು ತಾವೇ ಕೊಡವುತ್ತ, ಬಂದವರನ್ನು ತಾವೇ ಬರಮಾಡಿಕೊಳ್ಳುತ್ತ ಬಂದ ಅವರಿಗೆ 2026ರಲ್ಲಿ ಪದ್ಮಶ್ರೀ ಪ್ರಶಸ್ತಿ ಘೋಷಿತವಾಯಿತು.

ಆದರೆ ಇಷ್ಟಕ್ಕೇ ಕಾರ್ಯ ಮುಗಿಯಿತೆನ್ನುವಂತಿಲ್ಲ. ಕಪಾಟುಗಳಲ್ಲಿ ಹಿಡಿಸದೆ ಪುಸ್ತಕಗಳು ಅಲ್ಲಿ ನೆಲದ ಮೇಲೂ ರಾಶಿಯಾಗಿವೆ. ಬಿಲ್ಲೆಯನ್ನು ಪೆಟ್ಟಿಗೆಯಲ್ಲಿಟ್ಟರೂ ಅದರ ಸಂಗ್ರಾಹಕನಿಗೆ ತೃಪ್ತಿಯುಂಟು, ಪುಸ್ತಕ ಹಾಗಲ್ಲ. ಅದು ತೆರೆದಾಗ ಮಾತ್ರ ಮಾತಾಡುತ್ತದೆ. ಭಾರತದ ಗ್ರಂಥಾಲಯಶಾಸ್ತ್ರದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಪಂಚಸೂತ್ರಗಳ ತಿರುಳೂ ಇದೇ. ಪುಸ್ತಕದ ಸಾರ್ಥಕತೆ ಕಾವಲಿನಲ್ಲಿಲ್ಲ, ಬಳಕೆಯಲ್ಲಿದೆ. ತನಗೆ ಬೇಕಾದ ಪುಸ್ತಕ ಓದುಗನಿಗೆ ಕಾಲಹರಣವಿಲ್ಲದೆ ದೊರೆಯಬೇಕು. ಇದಕ್ಕೆ ವರ್ಗೀಕರಣ ಬೇಕು, ಪಟ್ಟಿ ಬೇಕು, ಅದನ್ನು ಬಲ್ಲ ಗ್ರಂಥಪಾಲರು ಬೇಕು. ಕೂಡಿಡುವ ಕೆಲಸವನ್ನು ಒಬ್ಬ ವ್ಯಕ್ತಿಯ ತ್ಯಾಗ ಸಾಧಿಸಬಲ್ಲುದು. ಇಪ್ಪತ್ತು ಲಕ್ಷ ಪುಸ್ತಕಗಳನ್ನು ಓದುಗರಿಗೆ ಮುಟ್ಟಿಸುವ ಕೆಲಸ ಮಾತ್ರ ಒಬ್ಬನಿಂದ ಆಗುವಂಥದಲ್ಲ. ಅದು ಸಮಾಜದ ಹೊಣೆ.

ಆ ಹೊಣೆಯನ್ನು ನಾಡು ಸಂಪೂರ್ಣವಾಗಿ ಮರೆತಿಲ್ಲ. 1965ರಲ್ಲಿ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಅಧಿನಿಯಮ ರೂಪುಗೊಂಡಿತು. ಕ್ರಮೇಣ ಗ್ರಾಮ ಪಂಚಾಯಿತಿಗಳಲ್ಲಿಯೂ ಗ್ರಂಥಾಲಯಗಳು ತಲೆಯೆತ್ತಿದವು. 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಹಳ್ಳಿಯ ಮಕ್ಕಳಿಗೆ ಈ ಗ್ರಂಥಾಲಯಗಳ ಸದಸ್ಯತ್ವವನ್ನು ಉಚಿತವಾಗಿ ನೀಡಲಾಯಿತು.

ಓದಿನ ಕಾರ್ಯಕ್ಕೆ ಮೂರು ಅಂಗಗಳುಂಟು: ಕರೆಯುವ ದನಿ, ಕಾದಿರುವ ಪುಸ್ತಕ, ಬರುವ ಓದುಗ. ಬಿಲ್ಲೆ ಮೊದಲನೆಯ ಕೆಲಸವನ್ನು ಮಾಡುತ್ತದೆ. ಅಂಕೇಗೌಡರಂಥವರು ಎರಡನೆಯದಕ್ಕಾಗಿ ಬಾಳನ್ನೇ ಸವೆಸುತ್ತಾರೆ. ಮೂರನೆಯದನ್ನು ಹಣದಿಂದ ಕೊಳ್ಳುವಂತಿಲ್ಲ, ಕೂಡಿಡುವಂತೆಯೂ ಇಲ್ಲ. ಶಾಲೆ ಬಿಟ್ಟ ಮೇಲೆ ಒಂದು ಗಳಿಗೆ ಊರಿನ ಗ್ರಂಥಾಲಯದ ಹೊಸ್ತಿಲನ್ನು ದಾಟುವ ವಿದ್ಯಾರ್ಥಿಯೇ ಅದನ್ನು ಪೂರೈಸಬೇಕು.