ಹಿಂದಿನ ಸೀಟಿನಲ್ಲಿ ಮೂರು ಮಕ್ಕಳ ಸೀಟು

ಪ್ರಶ್ನೆ: ನಮಗೆ ಆರು ವರ್ಷದ ಮಗಳು, ಒಂದೂವರೆ ವರ್ಷದ ಅವಳಿ ಗಂಡುಮಕ್ಕಳು. ಕಾರು ಐದು ಸೀಟಿನದು, ಎಂಟು ವರ್ಷ ಹಳೆಯದು. ಮೂವರಿಗೂ ಬೇರೆ ಬೇರೆ ಮಕ್ಕಳ ಸೀಟು ಹಾಕಿಸಬೇಕೆಂದರೆ ಅಂಗಡಿಯವರು “ಆಗಲ್ಲ, ದೊಡ್ಡ ಗಾಡಿ ತಗೊಳ್ಳಿ” ಎನ್ನುತ್ತಾರೆ. ನಿಜವೇ? — ಓದುಗರು, ದಾವಣಗೆರೆ

ಉತ್ತರ: ಗಾಡಿ ಬದಲಿಸುವ ಮಾತು ಆಮೇಲಾಯಿತು. ಮೊದಲು ಹಿಂದಿನ ಬಾಗಿಲು ತೆಗೆದು, ನಡುವೆ ಕೂರುವವರ ಬೆಲ್ಟನ್ನು ಎಳೆದು ನೋಡಿ. ಆ ಕಾಲದ ಎಷ್ಟೋ ಕಾರುಗಳಲ್ಲಿ ಅದು ಸೊಂಟಕ್ಕೆ ಮಾತ್ರ ಬರುವ ಪಟ್ಟಿ. ಅಂಥದಾದರೆ ನಿಮ್ಮ ಮಗಳ ಬೂಸ್ಟರನ್ನು ಅಲ್ಲಿ ಇಡುವ ಹಾಗೇ ಇಲ್ಲ. ಬೂಸ್ಟರ್ ಮಗುವನ್ನು ಎತ್ತರಿಸುತ್ತದೆ ಅಷ್ಟೇ. ಹಿಡಿದು ನಿಲ್ಲಿಸುವುದು ಕಾರಿನ ಬೆಲ್ಟು. ಹೆಗಲ ಮೇಲೆ ಬೆಲ್ಟಿಲ್ಲದಿದ್ದರೆ, ಗಾಡಿ ಗುದ್ದಿದಾಗ ಮೈ ಪೂರ್ತಿ ಮುಂದಕ್ಕೆ ಬಾಗಿ ಪಟ್ಟಿ ಹೊಟ್ಟೆಯನ್ನು ಒತ್ತುತ್ತದೆ. ಅವಳಿಗಳ ಸೀಟುಗಳನ್ನು ಕಟ್ಟಲಿಕ್ಕೂ ಸಾಮಾನ್ಯವಾಗಿ ಸೊಂಟಕ್ಕೂ ಹೆಗಲಿಗೂ ಬರುವ ತ್ರೀ ಪಾಯಿಂಟ್ ಬೆಲ್ಟೇ ಬೇಕು. ಆಗ ಅಂಗಡಿಯವರ ಮಾತು ನಿಜ. ನಡುವೆಯೂ ಹೆಗಲ ಬೆಲ್ಟಿದ್ದರೆ ಮಾತ್ರ ಟೇಪು ಹಿಡಿಯುವ ಪ್ರಶ್ನೆ ಬರುತ್ತದೆ.

ಲೆಕ್ಕ ಸುಲಭ. ಯುರೋಪಿನ ಐ-ಸೈಜ್ ನಿಯಮದ ಸೀಟು 44 ಸೆಂ.ಮೀ. ಅಗಲ ಮೀರುವಂತಿಲ್ಲ. ಮೂರು ಸೇರಿದರೆ 132. ನಮ್ಮ ಸಣ್ಣ ಕಾರುಗಳ ಹಿಂಭಾಗ ಭುಜದ ಮಟ್ಟದಲ್ಲಿ 130ರ ಆಸುಪಾಸು. ಒಂದೆರಡು ಸೆಂ.ಮೀ. ಇಲ್ಲೇ ಜಗಳ! ಆದ್ದರಿಂದ ಬಣ್ಣ, ಮೆತ್ತೆ ನೋಡುವ ಮೊದಲು ಡಬ್ಬದ ಮೇಲಿನ ಅಗಲ ಓದಿ. ಬದಿಗೆ ಚಾಚಿಕೊಂಡ ಲೋಟದ ಹಿಡಿಕೆ ಕಳಚಲು ಬರುತ್ತದೆಯೇ ಕೇಳಿ.

ಐಸೋಫಿಕ್ಸ್ ಇದ್ದರೆ ಎಲ್ಲ ಸಲೀಸು ಎಂಬ ನಂಬಿಕೆಯುಂಟು. ಮೂರು ಸೀಟು ಕೂರಿಸುವವರಿಗೆ ಎಷ್ಟೋ ಸಲ ಅದೇ ತೊಡಕು. ಕಾರಿನ ಸೀಟಿನ ಬೆನ್ನಿನ ಬುಡದ ಸಂದಿಯಲ್ಲಿ 28 ಸೆಂ.ಮೀ. ಅಂತರಕ್ಕೆ ಎರಡು ಲೋಹದ ಕೊಂಡಿಗಳಿರುತ್ತವೆ, ಬಹುತೇಕ ಎಡಕ್ಕೂ ಬಲಕ್ಕೂ ಮಾತ್ರ. ಅದಕ್ಕೆ ಸಿಕ್ಕಿಸಿದ ಸೀಟು ಬಾಗಿಲ ಕಡೆಗೆ ಬೆರಳಗಲವೂ ಸರಿಯದು. ನಡುವಿನ ಜಾಗ ಅಲ್ಲಿಗೆ ಮುಗಿಯಿತು. ಬೆಲ್ಟಿನಿಂದ ಕಟ್ಟಿದ ಸೀಟಾದರೆ ಕೊಂಚ ಆಚೆ ಸರಿಸಿ ಬಿಗಿಯಬಹುದು. ಸರಿಯಾಗಿ ಬಿಗಿದ ಬೆಲ್ಟಿನ ಮೇಲೆ ಅನುಮಾನ ಬೇಡ. ತಪ್ಪಾಗುವ ಸಂಭವ ಅದರಲ್ಲಿ ಹೆಚ್ಚು ಎಂಬುದೊಂದೇ ಕೊರತೆ. ಎಡಗಡೆಯ ಒಂದು ಕೊಂಡಿ, ಬಲಗಡೆಯ ಒಂದು ಕೊಂಡಿ ಹಿಡಿದು ನಡುವೆ ಸೀಟು ಸಿಕ್ಕಿಸುವ ಜಾಣತನವನ್ನು ಕಾರಿನ ಕೈಪಿಡಿ ಒಪ್ಪದೆ ಮಾಡಬೇಡಿ.

ಅವಳಿಗಳು ಹಿಂದುಮುಖವಾಗಿ, ಅಂದರೆ ಹಿಂದಿನ ಗಾಜಿನ ಕಡೆ ನೋಡುತ್ತಾ ಕೂರಲಿ. ಆ ವಯಸ್ಸಿಗೆ ತಲೆ ಭಾರ, ಕುತ್ತಿಗೆ ಎಳೆಯದು. ಮುಂದಿನಿಂದ ಗುದ್ದಿದರೆ ಏಟನ್ನು ಸೀಟಿನ ಬೆನ್ನೇ ಹಂಚಿಕೊಳ್ಳುತ್ತದೆ. ಇದರಿಂದ ಜಾಗವೂ ಉಳಿಯಬಹುದು. ಹಿಂದುಮುಖದ ಸೀಟು ಅಗಲವಾಗಿರುವುದು ಮುಂದಿನ ಸೀಟಿನ ಬೆನ್ನ ಬಳಿ, ಬೂಸ್ಟರ್ ಅಗಲವಾಗಿರುವುದು ಹಿಂದೆ. ಮಗಳು ನಡುವೆ ಕೂತರೆ ಮೂರೂ ಒಂದರೊಳಗೊಂದು ಹೊಂದಿಕೊಳ್ಳುತ್ತವೆ.

ಆದರೆ ಬಕಲ್? ಮಗಳನ್ನು ಕೂರಿಸಿ, ಬೆಲ್ಟು ತಾನೇ ಹಾಕಿಕೊಳ್ಳಲು ಹೇಳಿ. ಎರಡು ಸೀಟಿನ ನಡುವಿನ ಸಂದಿಗೆ ಕೈ ಇಳಿಸಿ ಅವಳು ತಡಕಾಡುವುದನ್ನು ನೋಡಿದರೆ ಸಮಸ್ಯೆ ತಿಳಿಯುತ್ತದೆ. ಎಷ್ಟೋ ಸಲ ಬೂಸ್ಟರಿನ ಅಂಚೇ ಬಕಲ್ ಮೇಲೆ ಕೂತಿರುತ್ತದೆ. ಕ್ಲಿಕ್ ಅನ್ನುವವರೆಗೆ ಯಾರೂ ಬಗ್ಗಿ ನೋಡದಿದ್ದರೆ ಬೆಲ್ಟು ಹಾಕಿದಂತೆ ಕಾಣುತ್ತದೆ, ಹಾಕಿರುವುದಿಲ್ಲ. ಕೈ ಎಟುಕದಿದ್ದರೆ ಅವಳನ್ನು ಎಡಬಾಗಿಲ ಪಕ್ಕಕ್ಕೆ ಕಳಿಸಿ. ಇಳಿಯುವುದೂ ಫುಟ್‌ಪಾತಿನ ಕಡೆಗೇ ಆಗುತ್ತದೆ. ನಡುವಿನ ಅವಳಿಯನ್ನು ಎತ್ತಿ ಕೂರಿಸುವಾಗ ನಿಮ್ಮ ಸೊಂಟ ಹಿಡಿಯುತ್ತದೆ, ಅದಕ್ಕೆ ಮದ್ದಿಲ್ಲ.

ಮೂರೂ ಒಳಗೆ ಬಂದವೆಂದರೆ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಒತ್ತಿ ತುರುಕಿದ ಸೀಟು ಅಲುಗಾಡುವುದಿಲ್ಲ. ಪಕ್ಕದ ಸೀಟು ಆತುಕೊಂಡಿರುವುದರಿಂದ ಗಟ್ಟಿಯಾಗಿ ಕಾಣುತ್ತದೆ, ಅದರ ಬೆಲ್ಟು ಮಾತ್ರ ಸಡಿಲ. ಹಾಗಾಗಿ ಮೂರನ್ನೂ ಕಟ್ಟಿದ ಮೇಲೆ ಪಕ್ಕದ್ದನ್ನು ಬಿಚ್ಚಿ, ಉಳಿದದ್ದನ್ನು ಬೆಲ್ಟು ಹಾದುಹೋಗುವ ಜಾಗದಲ್ಲಿ ಹಿಡಿದು ಜಗ್ಗಿ. ಎರಡೂವರೆ ಸೆಂ.ಮೀ.ಗಿಂತ ಹೆಚ್ಚು ಸರಿದರೆ ಮತ್ತೆ ಬಿಗಿಯಬೇಕು. ಸೀಟುಗಳು ಒಂದಕ್ಕೊಂದು ತಾಗಿದರೆ ಅಡ್ಡಿಯಿಲ್ಲ, ಒಂದು ಇನ್ನೊಂದನ್ನು ವಾರೆ ಮಾಡಬಾರದು.

ಅಮೆರಿಕದಲ್ಲಿ ಈ ಮೂರನೆಯ ಸೀಟು ಸಂಸಾರದ ಲೆಕ್ಕಕ್ಕೇ ಕೈಹಾಕಿದೆಯಂತೆ. ಮಕ್ಕಳ ಸೀಟಿನ ಕಾನೂನು ಅಲ್ಲಿ ಮೊದಲು ಜಾರಿಗೆ ಬಂದದ್ದು ಟೆನೆಸಿ ರಾಜ್ಯದಲ್ಲಿ, 1978ರಲ್ಲಿ. ಆಮೇಲೆ ರಾಜ್ಯ ರಾಜ್ಯಗಳಲ್ಲಿ ವಯಸ್ಸಿನ ಮಿತಿ ಏರುತ್ತಾ ಹೋಯಿತು. ಇದರಿಂದಾಗಿ ಮೂರನೆಯ ಮಗುವನ್ನೇ ಬೇಡವೆಂದವರಿದ್ದಾರೆ, 1980ರಿಂದೀಚೆಗೆ ಹಾಗೆ ಹುಟ್ಟದೇ ಹೋದವರು 1,45,000 ಎಂದು ಜೋರ್ಡನ್ ನಿಕರ್ಸನ್ ಮತ್ತು ಡೇವಿಡ್ ಸಾಲೊಮನ್ ಎಂಬ ಸಂಶೋಧಕರು 2020ರಲ್ಲಿ ಅಂದಾಜಿಸಿದರು. ನಿಮ್ಮ ಮನೆಯಲ್ಲಂತೂ ಮೂವರೂ ಆಗಲೇ ಬಂದಾಗಿದೆ.

ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ, 14 ವರ್ಷದೊಳಗಿನ ಮಗುವನ್ನು ಬೆಲ್ಟು ಅಥವಾ ಮಕ್ಕಳ ಸೀಟಿಲ್ಲದೆ ಕರೆದೊಯ್ದರೆ 1,000 ರೂಪಾಯಿ ದಂಡ. ದಂಡಕ್ಕಿಂತ ದೊಡ್ಡದು ಇನ್ನೊಂದಿದೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಗುದ್ದಿದರೆ ತೊಡೆಯ ಮೇಲಿನ 10 ಕಿಲೋ ಕೂಸು ಒಂದೂವರೆ-ಎರಡು ಕ್ವಿಂಟಾಲಿನಷ್ಟು ಬಲದಿಂದ ಮುಂದಕ್ಕೆ ಎಳೆಯುತ್ತದೆ. ಯಾವ ಅಜ್ಜಿಯ ತೋಳೂ ಅದನ್ನು ಹಿಡಿಯದು.

ಏನು ಮಾಡಿದರೂ ಹಿಂದೆ ಮೂರು ಹಿಡಿಯದಿದ್ದರೆ ಮುಂದಕ್ಕೆ ಬರಬೇಕಾದವಳು ದೊಡ್ಡವಳು. ಕೈಪಿಡಿ ಅನುಮತಿಸಿದರೆ ಬೂಸ್ಟರ್ ಸಮೇತ ಮುಂದೆ ಕೂರಿಸಿ, ಆ ಸೀಟನ್ನು ಆದಷ್ಟು ಹಿಂದಕ್ಕೆ ತಳ್ಳಿ. ಹಿಂದುಮುಖದ ಸೀಟನ್ನು ಮಾತ್ರ ಚಾಲೂ ಇರುವ ಏರ್‌ಬ್ಯಾಗಿನ ಎದುರು ಎಂದಿಗೂ ಇಡಬಾರದು. ಉಬ್ಬಿದ ಏರ್‌ಬ್ಯಾಗ್ ನೇರ ಮಗುವಿನ ತಲೆಯ ಹಿಂದೆಯೇ ಬಡಿಯುತ್ತದೆ.

ಎರ್ಟಿಗಾ, ಕರೆನ್ಸ್‌ನಂಥ ಮೂರು ಸಾಲಿನ ಗಾಡಿಯನ್ನೇ ನೋಡುವುದಾದರೆ ಸುರಕ್ಷತೆಯ ಸ್ಟಾರ್ ಎಣಿಸಿ ಸುಮ್ಮನಾಗಬೇಡಿ. ಭಾರತ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಗುದ್ದಿಸುವಾಗ ಕೂರಿಸುವುದು ಎರಡೇ ಮಕ್ಕಳ ಗೊಂಬೆ, ಒಂದೂವರೆ ವರ್ಷದ್ದೊಂದು, ಮೂರು ವರ್ಷದ್ದೊಂದು. ಮೂರನೆಯದರ ಜಾಗ ನೀವೇ ನೋಡಿಕೊಳ್ಳಬೇಕು. ಮೂರೂ ಸೀಟುಗಳನ್ನು ಹೊತ್ತುಕೊಂಡೇ ಶೋರೂಮಿಗೆ ಹೋಗಿ. ಕಟ್ಟಿ, ಜಗ್ಗಿ, ಮಗಳ ಕೈ ಬಕಲ್‌ಗೆ ಹೋಗುತ್ತದೆಯೇ ನೋಡಿದ ಮೇಲೆ ಮುಂಗಡ ಕೊಡಿ.