ನೀಲಿ ಕಿರಣದ ಎರಡು ತಟ್ಟೆಗಳು

ಡಿವಿಡಿ ತಟ್ಟೆಯನ್ನು ಬಿಸಿಲಿಗೆ ಹಿಡಿದಾಗ ಕಾಮನಬಿಲ್ಲಿನ ಬಣ್ಣಗಳು ತೋರುವುದನ್ನು ವಿದ್ಯಾರ್ಥಿಗಳು ಕಂಡಿರುವರಷ್ಟೆ. ಅದರೊಳಗೆ ಸುರುಳಿಯಾಗಿ ಹಬ್ಬಿರುವ ಸೂಕ್ಷ್ಮ ಕುಳಿಗಳ ಸಾಲುಗಳೇ ಇದಕ್ಕೆ ಕಾರಣ. ಆ ಕುಳಿಗಳನ್ನು ಲೇಸರ್ ಬೆಳಕಿನ ಚುಕ್ಕೆಯೊಂದು ಓದುತ್ತ ಸಾಗುವುದು. ಚುಕ್ಕೆ ಕಿರಿದಾದಷ್ಟೂ ಕುಳಿಗಳನ್ನು ಒತ್ತೊತ್ತಾಗಿ ಇಡಬಹುದು. ಆದರೆ ಬೆಳಕು ಅಲೆಯಾದುದರಿಂದ ಅದನ್ನು ಬಿಂದುಮಾತ್ರವಾಗಿ ಕೂಡಿಸುವುದು ಯಾವ ಮಸೂರಕ್ಕೂ ಸಾಧ್ಯವಿಲ್ಲ. ಚುಕ್ಕೆಯ ಅಗಲವು ತರಂಗಾಂತರಕ್ಕೆ ಅನುಲೋಮವಾಗಿಯೂ ಮಸೂರದ ದ್ವಾರಸಂಖ್ಯೆಗೆ ವಿಲೋಮವಾಗಿಯೂ ಇರುವುದು. ದ್ವಾರಸಂಖ್ಯೆಯೆಂದರೆ ಮಸೂರವು ಕೂಡಿಸುವ ಬೆಳಕಿನ ಶಂಕುವಿನ ಅರ್ಧಕೋನದ ಸೈನ್ ಬೆಲೆ.

ಡಿವಿಡಿಯ ಕೆಂಪು ಕಿರಣದ ತರಂಗಾಂತರ 650 ನ್ಯಾನೊಮೀಟರು. ಹೆಚ್ಚು ಸ್ಪಷ್ಟತೆಯ ಚಲನಚಿತ್ರಕ್ಕೆ ಅದರ ಒಂದು ಪದರದ 4.7 ಗಿಗಾಬೈಟು ಸಾಲದೆ ಹೋದುದರಿಂದ 405 ನ್ಯಾನೊಮೀಟರಿನ ನೀಲನೇರಳೆ ಲೇಸರನ್ನು ಆರಿಸಲಾಯಿತು. ಇಲ್ಲಿಂದ ಮುಂದೆ ಹಾದಿ ಕವಲೊಡೆಯಿತು. ಸೋನಿ, ಫಿಲಿಪ್ಸ್, ಮತ್ಸುಷಿತ ಮೊದಲಾದ ಸಂಸ್ಥೆಗಳು ಬ್ಲೂ-ರೇ ಪಕ್ಷ. ತೋಷಿಬಾ, ಎನ್‌ಇಸಿಗಳದು ಎಚ್‌ಡಿ ಡಿವಿಡಿ ಪಕ್ಷ. ಕಿರಣವು ಎರಡಕ್ಕೂ ಒಂದೇ. ದ್ವಾರಸಂಖ್ಯೆ ಮಾತ್ರ ಬ್ಲೂ-ರೇಗೆ 0.85, ಎಚ್‌ಡಿ ಡಿವಿಡಿಗೆ 0.65. ಕುಳಿಗಳ ದಟ್ಟಣೆ ಇದರ ವರ್ಗವನ್ನು ಅನುಸರಿಸುವುದರಿಂದ 0.65ನ್ನು 0.85ರಿಂದ ಭಾಗಿಸಿ ವರ್ಗಮಾಡಿ ನೋಡಿರಿ: ಸುಮಾರು 0.58. ಪದರವೊಂದರ ಧಾರಣಶಕ್ತಿ ಕ್ರಮವಾಗಿ 25 ಮತ್ತು 15 ಗಿಗಾಬೈಟು. ಇವುಗಳ ನಿಷ್ಪತ್ತಿ 0.60. ಕಂಪನಿಗಳ ದೊಡ್ಡ ಜಗಳದ ತಿರುಳು ಇಷ್ಟು ಚಿಕ್ಕ ಲೆಕ್ಕದಲ್ಲಿ ಅಡಗಿತ್ತು!

ಹಾಗಾದರೆ ತೋಷಿಬಾ ಕಡಿಮೆಯದನ್ನೇಕೆ ಆರಿಸಿತು? ತಟ್ಟೆ ಕೊಂಚ ವಾಲಿದರೂ ಚುಕ್ಕೆ ಕದಡುವುದು. ಈ ದೋಷವು ದ್ವಾರಸಂಖ್ಯೆಯ ಘನಕ್ಕೂ ಕುಳಿಗಳ ಮೇಲಿನ ಪಾರದರ್ಶಕ ಪದರದ ದಪ್ಪಕ್ಕೂ ಅನುಗುಣವಾಗಿ ಬೆಳೆಯುವುದು. ಹಳೆಯ ದಪ್ಪದಲ್ಲಿಯೇ ದ್ವಾರಸಂಖ್ಯೆಯನ್ನು 0.65ರಿಂದ 0.85ಕ್ಕೆ ಏರಿಸಿದ್ದರೆ ದೋಷವು ಎರಡು ಪಟ್ಟನ್ನು ಮೀರುತ್ತಿತ್ತು. ಆದುದರಿಂದ ಬ್ಲೂ-ರೇ ತಜ್ಞರು ಪದರವನ್ನು 0.6 ಮಿಲಿಮೀಟರಿನಿಂದ 0.1ಕ್ಕೆ ಇಳಿಸಿದರು. ಇದಕ್ಕೆ ಹೊಸ ಯಂತ್ರಸಾಮಗ್ರಿಯೂ ಗೀರು ತಡೆಯುವ ಗಟ್ಟಿಲೇಪವೂ ಬೇಕಾದುವು. ಮಾಲೂರಿನ ಹೆಂಚಿನ ಕಾರ್ಖಾನೆಯವರಿಗೆ ಹಳೆಯ ಅಚ್ಚನ್ನು ಎಸೆಯಿರೆಂದರೆ ಒಪ್ಪುವರೆ? 0.6ನ್ನೇ ಉಳಿಸಿಕೊಂಡು ಡಿವಿಡಿ ಕಾರ್ಖಾನೆಗಳಲ್ಲಿಯೇ ಅಗ್ಗವಾಗಿ ಒತ್ತಬಹುದೆಂಬ ತೋಷಿಬಾದ ವಾದವನ್ನು ನಾನಂತೂ ಮೂರ್ಖತನವೆನ್ನಲಾರೆ.

ಆದರೆ ತೀರ್ಪು ಪ್ರಯೋಗಶಾಲೆಯಲ್ಲಿ ಆಗಲಿಲ್ಲ. 2006ರ ನವೆಂಬರಿನಲ್ಲಿ ಹೊರಬಂದ ಸೋನಿಯ ಪ್ಲೇಸ್ಟೇಷನ್ 3 ಆಟದ ಯಂತ್ರದೊಡನೆ ಬ್ಲೂ-ರೇ ಮನೆಮನೆಗಳನ್ನು ಹೊಕ್ಕಿತು. ಪ್ಯಾರಮೌಂಟ್ 2007ರಲ್ಲಿ ತೋಷಿಬಾದ ಕಡೆ ನಿಂತರೂ, 2008ರ ಜನವರಿ 4ರಂದು ವಾರ್ನರ್ ಚಿತ್ರಸಂಸ್ಥೆಯು ಬ್ಲೂ-ರೇಯನ್ನೇ ಆರಿಸಿತು. ಫೆಬ್ರವರಿ 19ರಂದು ತೋಷಿಬಾ ಹಿಂದೆಗೆಯಿತು. ಅದರ ಯಂತ್ರವನ್ನು ಕೊಂಡಿದ್ದವರಿಗೆ ಹೊಸ ಚಿತ್ರಗಳು ಬರುವುದು ನಿಂತುಹೋಯಿತು. ಹಳೆಯ ಡಿವಿಡಿಗಳನ್ನು ಮಾತ್ರ ಆ ಯಂತ್ರಗಳು ಎಂದಿನಂತೆ ಓದುತ್ತಿದ್ದುವು.