ಓದಿ ಹೇಳದೆ ಹೆಬ್ಬೆಟ್ಟಿಲ್ಲ

ಪ್ರಶ್ನೆ: ವಿಜಯಪುರ ಕಡೆಯವಳು. ಪುಣೆಯ ಹಡಪ್ಸರ್‌ನಲ್ಲಿ ಗಾರೆ ಕೆಲಸ. ವಯಸ್ಸು ನಲವತ್ತು, ಶಾಲೆ ಕಂಡಿಲ್ಲ. ಮುಕಾದಮ ಹೆಬ್ಬೆಟ್ಟು ಒತ್ತಿಸಿಕೊಂಡು ಕೊಡುವ ಪಗಾರ ಪ್ರತಿ ಸಲ ಕಡಿಮೆ. ಕೇಳಿದರೆ, ‘ಪುಸ್ತಕದಾಗ ಬರದೈತಿ, ಓದ್ಕೊ’ ಅಂತ ನಗುತ್ತಾನೆ. ಈಗ ಅಪ್ಪನ ಹೊಲದ ಕಾಗದ ತಂದು ಅಣ್ಣನೂ ಹೆಬ್ಬೆಟ್ಟು ಕೇಳುತ್ತಿದ್ದಾನೆ. ಓದು ಕಲೀತೀನಿ ಅಂದರೆ ಗಂಡ, ‘ಈ ವಯಸ್ಸಿಗೆ ಯಾಕ?’ ಅಂತಾರೆ. ಕನ್ನಡ ಶಾಲೆಗೆ ಹೋಗುವ ಮಗಳಿಂದ ಇದನ್ನು ಬರೆಸಿದ್ದೇನೆ. ನನ್ನ ತಲೆಗೆ ಇನ್ನು ಅಕ್ಷರ ಹತ್ತುತ್ತದೆಯೇ?

ಉತ್ತರ: ಖಂಡಿತ ಹತ್ತುತ್ತದೆ, ತಾಯಿ. ಆದರೆ ಮೊದಲು ಹೊಲದ ಮಾತು. ಆ ಕಾಗದಕ್ಕೆ ಈಗ ಹೆಬ್ಬೆಟ್ಟು ಒತ್ತಬೇಡಿ. ‘ಓದಿಸಿ ಕೇಳಿ ಆಮೇಲೆ ಹೇಳ್ತೀನಿ ಅಣ್ಣಾ’ ಎನ್ನಿ. ಅದು ನಿಮ್ಮ ಪಾಲು ಬಿಟ್ಟುಕೊಡುವ ಹಕ್ಕುಬಿಡುಗಡೆ ಪತ್ರವಾಗಿರಬಹುದು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಂತೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ಕಾಗದ ಓದಿಸಲು ಪುಣೆಯ ಶಿವಾಜಿನಗರ ಕೋರ್ಟಿಗೆ ಹೋಗಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಎಲ್ಲಿದೆ ಎಂದು ವಿಚಾರಿಸಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರ ನೆರವು ಉಚಿತ.

ಇನ್ನು ಓದು. ನೀವಿರುವ ಊರಲ್ಲೇ 1848ರಲ್ಲಿ, ಬುಧವಾರ ಪೇಠೆಯ ಭಿಡೆ ವಾಡೆಯಲ್ಲಿ, ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿ ಹೆಣ್ಣುಮಕ್ಕಳ ಶಾಲೆ ತೆರೆದರು. ಸಾವಿತ್ರಿಬಾಯಿ ಅಕ್ಷರ ಕಲಿತದ್ದು ಮದುವೆಯಾದ ಮೇಲೆ, ಗಂಡ ಜೋತಿಬಾ ಅವರಿಂದ. ಕಲಿಸಲು ಹೊರಟಿದ್ದಕ್ಕೆ ಇಬ್ಬರೂ ಮನೆ ಬಿಡಬೇಕಾಯಿತು. ಗೆಳೆಯ ಉಸ್ಮಾನ್ ಶೇಖ್ ಆಸರೆ ಕೊಟ್ಟರು, ಅವರ ಸಹೋದರಿ ಫಾತಿಮಾ ಶೇಖ್ ಹೆಗಲು ಕೊಟ್ಟರು. ಫುಲೆ ದಂಪತಿಯ ಶಾಲೆಯಲ್ಲಿ ಓದಿದ, ಮಾಂಗ ಎಂಬ ದಲಿತ ಸಮುದಾಯದ ಹುಡುಗಿ ಮುಕ್ತಾಬಾಯಿ, ಮಾಂಗ ಮಹಾರರ ಸಂಕಟವನ್ನು ತಾನೇ ಪ್ರಬಂಧವಾಗಿ ಬರೆದಳು. 1855ರಲ್ಲಿ ಅದು ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ವರ್ಷ ಫುಲೆ ದಂಪತಿ ಹಗಲು ದುಡಿಯುವ ಕೂಲಿಗಳಿಗೂ ರೈತರಿಗೂ ರಾತ್ರಿ ಶಾಲೆ ನಡೆಸಿದರು. ದುಡಿದು ದಣಿದವರು ಕಲಿಯಬಲ್ಲರು ಎಂಬುದು ಪುಣೆಗೆ ಹೊಸ ಮಾತಲ್ಲ.

ಫೋನಿನಲ್ಲಿ ನಂಬರ್ ಒತ್ತುವ ನಿಮಗೆ ಅಂಕಿಗಳ ಗುರುತು ಆಗಲೇ ಇದೆ. ಅಲ್ಲಿಂದಲೇ ಶುರು ಮಾಡಿ. ಒಂದು ನೋಟ್‌ಬುಕ್ ತಗೊಳ್ಳಿ. ದಿನಾ ರಾತ್ರಿ ತಾರೀಕು, ಅಂದಿನ ಕೂಲಿ, ತಗೊಂಡ ಅಡ್ವಾನ್ಸ್ ಇಷ್ಟನ್ನೇ ಬರೆಯಿರಿ. ಮೊದಮೊದಲು ಮಗಳು ಬರೆಯಲಿ, ಅದರ ಮೇಲೆ ನೀವು ತಿದ್ದಿ. ಜೊತೆಗೆ ನಿಮ್ಮ ಹೆಸರು. ಮಾತಾಡುವ ಕನ್ನಡವೇ ಮೊದಲಿರಲಿ; ಬಸ್ಸಿನ ಬೋರ್ಡು, ಬ್ಯಾಂಕಿನ ಚೀಟಿಗಾಗಿ ಮರಾಠಿ ಆಮೇಲೆ. 15 ವರ್ಷ ದಾಟಿದವರಿಗೆಂದೇ ‘ಉಲ್ಲಾಸ್’ ಎಂಬ ಸರ್ಕಾರಿ ಸಾಕ್ಷರತಾ ಕಾರ್ಯಕ್ರಮ ಇದೆ. ಹತ್ತಿರದ ಸರ್ಕಾರಿ ಶಾಲೆಯಲ್ಲಿ ಕೇಳಿ.

ಗಂಡನೊಂದಿಗೆ ವಾದ ಬೇಡ. ಪಗಾರ ಕಡಿಮೆಯಾದರೆ ನಷ್ಟ ಇಡೀ ಮನೆಗೆ ಎಂದು ಲೆಕ್ಕ ತೋರಿಸಿ. ಒಬ್ಬರೇ ಕಲಿಯಲೂ ಬೇಡಿ. ಜೊತೆಗೆ ದುಡಿಯುವ ಇಬ್ಬರನ್ನಾದರೂ ಸೇರಿಸಿಕೊಳ್ಳಿ. ಒಬ್ಬಳ ಲೆಕ್ಕ ತಪ್ಪು ಎಂದು ಮುಕಾದಮ ತಳ್ಳಿಹಾಕಬಹುದು. ಮೂವರ ನೋಟ್‌ಬುಕ್ ಒಂದೇ ಮಾತು ಹೇಳಿದರೆ ಅವನು ಉತ್ತರ ಕೊಡಲೇಬೇಕಾಗುತ್ತದೆ.